ಎಂಟು ಬಾಗಿಲಿಗೆ ಒಂದೇ ಒಡಪು

ಶಿವಶರಣಪ್ಪನವರ ನೆನಪಿನ ಶಕ್ತಿಯ ಬಗ್ಗೆ ಕಾರ್ಖಾನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದು ಅಪಾರವೆಂದೇ ಎಲ್ಲರೂ ನಂಬಿದ್ದರು. ತೆಲುಗು ನಾಡಿನ ಸನತ್‌ನಗರದ ಆ ವಾಲ್ವು ತಯಾರಿಸುವ ಕಾರ್ಖಾನೆಯ ಸ್ಟೋರಿನಲ್ಲಿ ಅವರು ಹಿರಿಯ ಗುಮಾಸ್ತರು. ಹೈಟೆಕ್ ಸಿಟಿಯ ಕಡೆ ಸಾಲಾಗಿ ಗಾಜಿನ ಕಟ್ಟಡಗಳು ಏಳತೊಡಗಿದ ಕಾಲ ಅದು. ತಾವೊಬ್ಬರೇ ಹಿಂದೆ ಬೀಳಬಾರದೆಂದು ಕಾರ್ಖಾನೆಯ ಯಜಮಾನರೂ ಕಂಡಕಂಡಲ್ಲಿ ಕಂಪ್ಯೂಟರ್ ತಂದು ಕೂರಿಸಿದ್ದರು. ಹಾಜರಿಗೆ ಒಂದು, ಸ್ಟೋರಿನ ಲೆಕ್ಕಕ್ಕೆ ಒಂದು, ರಜೆಗೆ ಒಂದು, ಪಗಾರದ ಚೀಟಿಗೆ ಒಂದು, ಕ್ಯಾಂಟೀನಿನ ಕೂಪನ್ನಿಗೆ ಒಂದು, ಹೀಗೆ ಎಂಟು ಬಾಗಿಲು. ಎಂಟಕ್ಕೂ ಎಂಟು ಪಾಸ್‌ವರ್ಡು. ಉಳಿದವರೆಲ್ಲ ಆಗಾಗ ಮರೆತು, ಕಂಪ್ಯೂಟರ್ ವಿಭಾಗದ ಸತೀಶನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರೆ, ಶಿವಶರಣಪ್ಪನವರು ಒಮ್ಮೆಯೂ ಆ ಕಡೆ ಹಾಯ್ದವರಲ್ಲ.

ಗುಟ್ಟು ಮಿಯಾಪುರದಲ್ಲಿತ್ತು. ಬೆಳಿಗ್ಗೆ ಸ್ಟೋರಿನ ಬಾಗಿಲು ತೆಗೆದ ಕೂಡಲೇ ಅವರು ಕಪಾಟಿನ ಮರೆಗೆ ಸರಿದು ಮನೆಗೆ ಫೋನು ಹಚ್ಚುತ್ತಿದ್ದರು. ಆ ಕಡೆ ಹೆಂಡತಿ ಗದಿಗೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಫೋನು ಎತ್ತುತ್ತಿದ್ದಳು.

"ಇವತ್ತ ಯಾವುದು ಬೇಕ್ರಿ?"

"ರಜಾದ್ದು."

"ಬರಕೊಳ್ರಿ. ನಿಮ್ಮ ಅವ್ವನ ಹೆಸರು. ಆಮ್ಯಾಲ ನಮ್ಮ ಮನಿ ನಂಬರು. ಸಾವಕಾಶ ಬರೀರಿ, ಗಡಿಬಿಡಿ ಬ್ಯಾಡ."

ಎಂಟೂ ಪಾಸ್‌ವರ್ಡು ಅವಳಿಗೆ ಬಾಯಿಪಾಠ. ಸ್ಟೋರಿನದರಲ್ಲಿ ಮಾತ್ರ ಒಂದು ತೊಡಕಿತ್ತು. ಅದರಲ್ಲಿ ಶಿವಶರಣಪ್ಪನವರು ತಮ್ಮ ಹೆಸರನ್ನೇ ಸೇರಿಸಿಬಿಟ್ಟಿದ್ದರು, ಗದಿಗೆಮ್ಮ ಗಂಡನ ಹೆಸರು ಹೇಳುವವಳಲ್ಲ. "ಮೊದಲ ನೀವು, ಆಮ್ಯಾಲ ಊರು, ಆಮ್ಯಾಲ ಎರಡು ಸೊನ್ನಿ" ಎನ್ನುತ್ತಿದ್ದಳು.

ನಮ್ಮ ಉತ್ತರದ ಸೀಮೆಯಲ್ಲಿ ಗಂಡನ ಹೆಸರನ್ನು ಹೆಂಡತಿ ಬರಿದಾಗಿ ಹೇಳುವುದಿಲ್ಲ. ಹೇಳಲೇಬೇಕಾಗಿ ಬಂದರೆ ಒಡಪು ಕಟ್ಟುತ್ತಾಳೆ, ಅಂದರೆ ಪ್ರಾಸದ ಎರಡು ಸಾಲಿನೊಳಗೆ ಹೆಸರನ್ನು ಸೇರಿಸಿ ಹೇಳುತ್ತಾಳೆ. ಮದುವೆಯಾಗಿ ಬಂದ ದಿನ ಗಂಡನ ಅಕ್ಕತಂಗಿಯರು ಹೊಸ್ತಿಲಿಗೆ ಅಡ್ಡ ನಿಂತು, ಒಡಪು ಹೇಳುವ ತನಕ ಒಳಗೆ ಬಿಡುವುದಿಲ್ಲ. ಸೇಡಂನ ಮನೆಯಲ್ಲಿ ಶಿವಶರಣಪ್ಪನವರ ಅಕ್ಕ ಸುವರ್ಣಾ ಹಾಗೆ ಅಡ್ಡ ನಿಂತಾಗ ಮದುಮಗಳು ಗದಿಗೆಮ್ಮ ತಲೆಯೆತ್ತಿ ಎಂಥ ಒಡಪು ಹೇಳಿದಳೆಂದರೆ, ಅಂಗಳಕ್ಕೆ ಅಂಗಳವೇ ಹೋ ಎಂದಿತ್ತು. ಮದುಮಗನೂ ಹೆಂಡತಿಯ ಹೆಸರಿಗೆ ಒಂದು ಕಟ್ಟಬೇಕು. ಶಿವಶರಣಪ್ಪನವರಿಗೆ ಪ್ರಾಸ ಹೊಳೆಯಲಿಲ್ಲ. "ಗದಿಗೆಮ್ಮ, ಗದಿಗೆಮ್ಮ, ಆತೇನು?" ಎಂದು ಅಕ್ಕನನ್ನು ತಳ್ಳಿಕೊಂಡೇ ಒಳಗೆ ಹೋಗಿದ್ದರು.

ಹೀಗಿರುವಾಗ ಒಂದು ದಿನ ಮ್ಯಾನೇಜರ್ ರಾಮಕೃಷ್ಣ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಸೇರಿಸಿ, ಇನ್ನು ಮುಂದೆ ಸಿಂಗಲ್ ಸೈನ್ ಆನ್ ಎಂದು ಸಾರಿದರು. ಸೈನ್ ಎಂದರೆ ಸಹಿ ಎಂದಷ್ಟೇ ತಿಳಿದಿದ್ದ ಸಭೆ ಕಂಗಾಲಾಯಿತು. ಗೇಟಿನ ವಾಚ್‌ಮನ್ ವೆಂಕಟೇಶ, ಇನ್ನು ಬರುವಾಗ ಸಹಿ ಮಾಡಿದರೆ ಸಾಕು, ಹೋಗುವಾಗ ಬೇಡವೆಂದು ಅರ್ಥ ಮಾಡಿಕೊಂಡ. ಹಿಂದಿನ ಬೆಂಚಿನಿಂದ ಯಾರೋ, ಸಿಂಗಲ್ ಎಂದ ಮೇಲೆ ಇದು ಮದುವೆಯಾಗದವರಿಗೆ ಮಾತ್ರವೋ ಎಂದು ಕೇಳಿದರು. ಆಗ ಶಿವಶರಣಪ್ಪನವರು, ಯಾರೂ ಕರೆಯದಿದ್ದರೂ, ಎದ್ದು ನಿಂತರು. ಎಂಟು ಬೀಗಕ್ಕೆ ಒಂದೇ ಕೀಲಿಕೈ, ಒಮ್ಮೆ ತಿರುವಿದರೆ ಎಂಟೂ ತೆರೆಯುತ್ತವೆ ಎಂದು ಹಿಂದಿ ತೆಲುಗು ಕಲಸಿ ವಿವರಿಸಿದರು. ಅಷ್ಟಕ್ಕೇ ಕೂತಿದ್ದರೆ ಚೆನ್ನಾಗಿತ್ತು. "ಒಂದೇ ಒಂದನ್ನು ನೆನಪಿಡಲಾಗದವನು ಹೆಂಡತಿಯ ಹೆಸರನ್ನಾದರೂ ಹೇಗೆ ನೆನಪಿಟ್ಟಾನು?" ಎಂದೂ ಸೇರಿಸಿದರು. ಸಭೆ ನಕ್ಕಿತು. ಮ್ಯಾನೇಜರು ಅವರನ್ನು ಅಲ್ಲೇ ಸ್ಟೋರಿನ ಪಾಸ್‌ವರ್ಡ್ ಮಾರ್ಗದರ್ಶಿಯನ್ನಾಗಿ ನೇಮಿಸಿ, ಅಂಗಿಗೆ ಸಿಕ್ಕಿಸಲು ಒಂದು ಬಿಲ್ಲೆ ಕೊಟ್ಟರು.

ಪಾಸ್‌ವರ್ಡು ಉದ್ದವಿರಲಿ, ಪೂರ್ತಿ ವಾಕ್ಯವೇ ಇರಲಿ, ಸಾಯುವ ತನಕ ಮರೆಯದಂಥದ್ದಿರಲಿ, ಯಾರಿಗೂ ಹೇಳಬೇಡಿ. ಇದು ರಾಮಕೃಷ್ಣ ಅವರ ಅಪ್ಪಣೆ. ಶಿವಶರಣಪ್ಪನವರು ಕೀಲಿಮಣೆಯ ಮುಂದೆ ಕೂತು ಯೋಚಿಸಿದರು. ಅದರ ಹಿಂದಿನ ದಿನವಷ್ಟೇ ಪಕ್ಕದ ಮನೆಯ ಜಯಮ್ಮನ ಮಗಳ ಸೀಮಂತವಾಗಿತ್ತು. ಅಲ್ಲಿ ಹೆಂಗಸರೆಲ್ಲ ಸೇರಿ ಒತ್ತಾಯ ಮಾಡಿ ಗದಿಗೆಮ್ಮನ ಬಾಯಿಂದ ಅದೇ ಮದುವೆಯ ಒಡಪು ಹೇಳಿಸಿದ್ದರು. ಹೋಳಿಗೆ ತಿನ್ನುತ್ತ ಕೂತಿದ್ದ ಶಿವಶರಣಪ್ಪನವರ ಕಿವಿಗೂ ಅದು ಬಿದ್ದಿತ್ತು. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದರು.

ಸಂಜೆ ಮನೆಗೆ ಬಂದವರೇ, "ಇನ್ನ ನಿನಗ ಮುಂಜಾನೆದ್ದು ಫೋನ್ ಮಾಡೂದಿಲ್ಲ" ಎಂದರು.

"ಹೌದೇನ್ರಿ?" ಗದಿಗೆಮ್ಮನ ಮುಖ ಸ್ವಲ್ಪ ಇಳಿಯಿತು. "ಯಾಕ್ರಿ?"

"ಎಂಟಕ್ಕೂ ಒಂದಽ ಮಾಡ್ಯಾರ. ನಿನ್ನ ಒಡಪು ಹಾಕೀನಿ ಅದಕ್ಕ. ಅದನ್ನ ನಾ ಸತ್ತರೂ ಮರಿಯೂದಿಲ್ಲ."

ಗದಿಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ವರ್ಷದ ಸಂಸಾರದಲ್ಲಿ ಗಂಡ ಅವಳಿಗೆ ಹೇಳಿದ ಮಾತುಗಳಲ್ಲೇ ಇದು ಉತ್ತಮವಾದದ್ದು. ಮರುದಿನ ಬೆಳಗಾಗುವುದರೊಳಗೆ ಕಟ್ಟಡದ ಎಲ್ಲ ಹೆಂಗಸರಿಗೂ ಸುದ್ದಿ ಮುಟ್ಟಿತ್ತು. ಆಫೀಸಿನ ಕಂಪ್ಯೂಟರಿನೊಳಗೆ ಹೆಂಡತಿಯ ಮಾತನ್ನು ಬಚ್ಚಿಟ್ಟ ಇನ್ನೊಬ್ಬ ಗಂಡಸು ಮಿಯಾಪುರದಲ್ಲಿ ಇಲ್ಲವೆಂದು ಜಯಮ್ಮ ತನ್ನ ಗಂಡನಿಗೆ ಎರಡು ಸಲ ಹೇಳಿದಳು.

ಆದರೆ ಸತೀಶ ಬಂದು ಶಿವಶರಣಪ್ಪನವರ ಕಂಪ್ಯೂಟರಿನಲ್ಲಿ ಪರದೆಯ ಮೂಲೆಯ ಒಂದು ಸಣ್ಣ ಚೌಕಕ್ಕೆ ಗುರುತು ಹಾಕಿಹೋಗಿದ್ದ. ಅದಾದ ಮೇಲೆ ಆ ಯಂತ್ರವೇ ಅವರನ್ನು ನೆನಪಿಟ್ಟುಕೊಳ್ಳುತ್ತಿತ್ತು. ಪಾಸ್‌ವರ್ಡು ಕೇಳುತ್ತಲೇ ಇರಲಿಲ್ಲ. ಹೀಗೆ ಯಾರೂ ಕೇಳದ ಒಡಪು ಶಿವಶರಣಪ್ಪನವರ ತಲೆಯಿಂದ ಸದ್ದಿಲ್ಲದೆ ಎದ್ದುಹೋಯಿತು. ಬಿಲ್ಲೆ ಮಾತ್ರ ಅಂಗಿಯ ಮೇಲೆ ಉಳಿಯಿತು.

ಗದಿಗೆಮ್ಮನಿಗೆ ತಲೆನೋವು ಶುರುವಾದದ್ದು ಅದೇ ಸುಮಾರಿಗೆ. ಮೊದಮೊದಲು ಅಮೃತಾಂಜನ ಹಚ್ಚಿಕೊಂಡಳು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತವಳು ಹಾಗೇ ಒಲೆಯ ಪಕ್ಕಕ್ಕೆ ವಾಲಿದಳು. ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದು ನೋಡಿದರೆ, ಎಡಗಡೆ, ಮಾತು ಹುಟ್ಟುವ ಜಾಗದ ಪಕ್ಕದಲ್ಲೇ ಒಂದು ಗಂಟು ಬೆಳೆದಿತ್ತು. ಬೇಗ ತೆಗೆಯಬೇಕು, ನಾಳೆ ಬೆಳಿಗ್ಗೆ ಮೊದಲನೆಯ ಆಪರೇಷನ್ ಇವರದೇ ಎಂದು ಡಾಕ್ಟರು ಹೇಳಿದರು.

ವಿಮೆಯ ಕಿಟಕಿಯಲ್ಲಿ ಕೂತಿದ್ದ ನಲಿನಿ ಒಳ್ಳೆಯ ಹೆಂಗಸು. "ಖರ್ಚಿನ ಚಿಂತೆ ಬೇಡ ಸಾರ್, ಎಲ್ಲಾ ನಿಮ್ಮ ಕಂಪನಿ ನೋಡಿಕೊಳ್ಳುತ್ತೆ" ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದಳು. "ಕಂಪನಿಯ ಸೈಟಿನಿಂದ ಒಂದು ಒಪ್ಪಿಗೆ ಪತ್ರ ಬರಬೇಕು, ಅಷ್ಟೆ. ಅದಿಲ್ಲದೆ ಥಿಯೇಟರಿಗೆ ಕಳಿಸೋ ಹಾಗಿಲ್ಲ. ಬನ್ನಿ, ನನ್ನ ಕಂಪ್ಯೂಟರಿನಲ್ಲೇ ತೆಗೀರಿ." ಕುರ್ಚಿಯನ್ನೂ ಬಿಟ್ಟುಕೊಟ್ಟಳು.

ನಲಿನಿಯ ಕಂಪ್ಯೂಟರಿಗೆ ಶಿವಶರಣಪ್ಪನವರ ಪರಿಚಯವಿರಲಿಲ್ಲ. ಅದು ಪಾಸ್‌ವರ್ಡು ಕೇಳಿತು.

ಶಿವಶರಣಪ್ಪನವರು ಬೆರಳು ಎತ್ತಿದರು. ಒಲೆಯ ಮೇಲಿನ ಹಾಲು ಉಕ್ಕಿದರೆ ಕಾಣುತ್ತದೆ ಎಂಬಲ್ಲಿಯ ತನಕ ನೆನಪಿತ್ತು. ಮುಂದೆ ಇನ್ನೇನೋ ಒಂದು ಉಕ್ಕುತ್ತಿತ್ತು. ಏನದು? ಆಮೇಲೆ ತಮ್ಮ ಹೆಸರು ಬರುತ್ತದೆ. ಅದು ಮಾತ್ರ ಸ್ಪಷ್ಟವಾಗಿ ನೆನಪಿತ್ತು. ಎಣ್ಣೆ ಉಕ್ಕಿಸಿ ನೋಡಿದರು. ತಪ್ಪು ಎಂದಿತು. ಸಾರು ಉಕ್ಕಿಸಿದರು. ತಪ್ಪು. ಹಾಲಿಗೆ ಒಂದು ಅಕ್ಷರ ಹೆಚ್ಚು ಹಾಕಿ ಮತ್ತೆ ಎಣ್ಣೆಗೆ ಬಂದರು. ನಿಮ್ಮ ಖಾತೆಗೆ ಬೀಗ ಬಿದ್ದಿದೆ ಎಂದು ಕೆಂಪಗೆ ಬರೆದು ಯಂತ್ರ ಸುಮ್ಮನಾಯಿತು.

"ಮರಚಿಪೋಯಾರಾ ಸಾರ್?" ಎಂದಳು ನಲಿನಿ, ಅಂಗಿಯ ಮೇಲಿನ ಬಿಲ್ಲೆಯನ್ನೇ ನೋಡುತ್ತ.

ಮರೆತಿಲ್ಲ, ಸಾಲು ಸ್ವಲ್ಪ ಹಿಂದುಮುಂದಾಗಿದೆ ಎಂದರು ಶಿವಶರಣಪ್ಪನವರು.

ಓದುಗರು ಕೇಳಬಹುದು: ಒಡಪು ಹೇಳಿದವಳು ಮೇಲಿನ ವಾರ್ಡಿನಲ್ಲೇ ಎಚ್ಚರವಾಗಿ ಮಲಗಿದ್ದಳಲ್ಲ, ಹೋಗಿ ಕೇಳಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಶಿವಶರಣಪ್ಪನವರು ಮೆಟ್ಟಿಲು ಹತ್ತಿ ಹೋದರು ಕೂಡ. ಗದಿಗೆಮ್ಮ ಪಕ್ಕದ ಮಂಚದ ಹೆಂಗಸಿಗೆ ಏನೋ ಹೇಳುತ್ತಿದ್ದಳು. "ಕಂಪನ್ಯಾಗ ನನ್ನ ಒಡಪಾ ಹಾಕ್ಯಾರ ನೋಡ್ರಿ ಇವರು. ಎಂಟು ಬಾಗಲಾ ತೆರಿತಾವಂತ ಅದಕ್ಕ." ಹೇಳುವಾಗ ನೋವಿನ ನಡುವೆಯೂ ಅವಳ ಮುಖ ಅರಳಿತ್ತು. ಶಿವಶರಣಪ್ಪನವರು ಬಾಗಿಲಿನಿಂದಲೇ ಹಿಂದಿರುಗಿದರು. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ನಾಳೆ ತಲೆ ಕೊಯ್ಯಿಸಿಕೊಳ್ಳುವವಳಿಗೆ ಇವತ್ತು ಈ ಮಾತು ಹೇಳುವುದು ಹೇಗೆ? ಕಾರ್ಖಾನೆಗೇ ಹೋಗಿ ಸತೀಶನನ್ನು ಹಿಡಿಯುವುದೆಂದು ಆಟೋ ಹತ್ತಿದರು.

ಕಾರ್ಖಾನೆಯ ಗೇಟಿನಲ್ಲಿ ಕಾರ್ಡು ತೋರಿಸಿದರೆ ಅಡ್ಡಗಂಬ ಏಳಲಿಲ್ಲ. ಎಂಟು ಬಾಗಿಲಿಗೆ ಒಂದೇ ಕೀಲಿಕೈ ಎಂದು ಕ್ಯಾಂಟೀನಿನಲ್ಲಿ ವಿವರಿಸಿದವರು ತಾವೇ ಎಂಬುದು ಆಗ ಅವರ ನೆನಪಿಗೆ ಬಂತು. ಗೇಟೂ ಆ ಎಂಟರಲ್ಲಿ ಒಂದು.

"ವೆಂಕಟೇಶಾ, ನಾನಪ್ಪಾ."

"ನೀವು ಅಂತ ನನಗೆ ಗೊತ್ತು ಸಾರ್. ಯಂತ್ರಕ್ಕೆ ಗೊತ್ತಾಗಬೇಕಲ್ಲ." ವೆಂಕಟೇಶನಿಗೆ ನಿಜವಾಗಿಯೂ ಬೇಸರವಾಗಿತ್ತು. ಇದೇ ಗೇಟಿನಲ್ಲಿ ಇವರ ಡಬ್ಬಿಯ ಶೇಂಗಾ ಚಟ್ನಿ ತಿಂದವನು ಅವನು. "ಒಂದು ಕೆಲಸ ಮಾಡಿ, ಸಂದರ್ಶಕರ ಪಾಸ್ ತಗೊಳ್ಳಿ. ಯಾರನ್ನು ನೋಡಬೇಕು?"

"ಸತೀಶನ್ನ."

"ಅವರು ನಿಮಗೆ ಸೈಟಿನಲ್ಲಿ ಒಪ್ಪಿಗೆ ಕಳಿಸಬೇಕು. ಅದು ನಿಮ್ಮ ಹೆಸರಿಗೆ ಬರುತ್ತೆ. ನೀವು ಒಳಗೆ ಹೋಗಿ ತೆರೆದು ನನಗೆ ತೋರಿಸಬೇಕು."

ಕಡೆಗೆ ಸತೀಶನೇ ಗೇಟಿಗೆ ಬಂದ. ಅಡ್ಡಗಂಬದ ಆಚೆ ಅವನು, ಈಚೆ ಇವರು. ವಿಷಯ ಕೇಳಿ ಅವನ ಮುಖ ಸಪ್ಪಗಾಯಿತು. ಬೀಗ ತೆಗೆಯಬಲ್ಲೆ, ಆದರೆ ಪಾಸ್‌ವರ್ಡು ಏನೆಂದು ನನಗೂ ಕಾಣುವುದಿಲ್ಲ, ಯಾರಿಗೂ ಕಾಣುವುದಿಲ್ಲ ಎಂದ. ಬೀಗ ಬಿದ್ದ ಕೂಡಲೇ ಸ್ಟೋರಿನ ನಿಮ್ಮ ಕಂಪ್ಯೂಟರೂ ನಿಮ್ಮನ್ನು ಮರೆತಿದೆ. ಹೊಸದು ಬೇಕೆಂದರೆ ಅದರ ಪತ್ರ ನಿಮ್ಮ ಮೇಲ್‌ಗೆ ಬರುತ್ತದೆ, ಮೇಲ್ ತೆರೆಯಲು ಹಳೆಯ ಪಾಸ್‌ವರ್ಡು ಬೇಕು. ಅದನ್ನು ಮೀರಿ ಮಾಡಬೇಕೆಂದರೆ ರಾಮಕೃಷ್ಣ ಸಾರ್ ಒಪ್ಪಬೇಕು. ಅವರು ಮುಡಿ ಕೊಡಲು ತಿರುಪತಿಗೆ ಹೋಗಿದ್ದಾರೆ. ಫೋನು ಮನೆಯಲ್ಲೇ ಬಿಟ್ಟಿದ್ದಾರೆ.

"ಮತ್ತ ನನ್ನ ಹೆಂಡತಿ?" ಎಂದರು ಶಿವಶರಣಪ್ಪನವರು. ಗಾಬರಿಯಲ್ಲಿ ಕನ್ನಡವೇ ಬಂದುಬಿಟ್ಟಿತು. ಸತೀಶನಿಗೆ ಭಾಷೆ ಅರ್ಥವಾಗದಿದ್ದರೂ ಮಾತು ಅರ್ಥವಾಯಿತು. ಅವನು ಅಡ್ಡಗಂಬದ ಮೇಲಿನಿಂದ ಕೈ ಚಾಚಿ ಅವರ ಭುಜ ಹಿಡಿದುಕೊಂಡ.

"ಇನ್ನು ಮೂರು ಸಲ ಪ್ರಯತ್ನ ಮಾಡೋ ಹಾಗೆ ಬೀಗ ತೆಗೀತೀನಿ ಸಾರ್. ಮೂರೇ. ನೆನಪು ಮಾಡಿಕೊಳ್ಳಿ."

ಶಿವಶರಣಪ್ಪನವರು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಸೇಡಂಗೆ ಫೋನು ಮಾಡಿದರು. ಹೊಸ್ತಿಲಿಗೆ ಅಡ್ಡ ನಿಂತಿದ್ದ ಅಕ್ಕ ಸುವರ್ಣಾಗಿಂತ ಬೇರೆ ಸಾಕ್ಷಿ ಯಾರು?

"ಅಕ್ಕಾ, ನನ್ನ ಮದವ್ಯಾಗ ಗದಿಗಿ ಒಂದು ಒಡಪಾ ಹೇಳಿದ್ಳು. ನೆನಪೈತೇನು?"

"ನೆನಪಿಲ್ಲದ ಏನೋ ತಮ್ಮಾ. ನನಗ ಇಳಕಲ್ ಸೀರಿ ಕೊಡತೀನಂತ ಹೇಳಿ ನಿಮ್ಮ ಅತ್ತಿ ವಾಯಿಲ್ ಸೀರಿ ಕೊಟ್ಟಿದ್ಳು ಅವತ್ತ."

"ಸೀರಿ ಬಿಡು. ಒಡಪಾ."

"ಹಾಲಿಂದು ಇತ್ತಲ್ಲೋ. ಹಾಲು ಉಕ್ಕಿದ್ರ ಕಾಣತೈತಿ, ಹಲ್ಲು ಮುರದ್ರ ಕಾಣತೈತಿ... ಅಲ್ಲಲ್ಲ, ಅದು ನಂದು. ಯಾಕ ಕೇಳಾಕತ್ತಿ? ಆಕಿನ್ನ ಕೇಳಬಾರದೇನು?"

ಶಿವಶರಣಪ್ಪನವರು ಸುಳ್ಳು ಹೇಳಲು ಹೋಗಿ ನಿಜ ಹೇಳಿಬಿಟ್ಟರು. ಸುವರ್ಣಾ, "ನಾ ಮುಂಜಾನೆದ್ದು ಗಾಡಿಗೆ ಬರ್ತೀನಿ" ಎಂದಷ್ಟೇ ಹೇಳಿ ಫೋನಿಟ್ಟಳು.

ಇನ್ನುಳಿದವಳು ಜಯಮ್ಮ. ಮಿಯಾಪುರಕ್ಕೆ ಹೋಗಿ ಬಾಗಿಲು ತಟ್ಟಿದರು. ಮೈಸೂರಿನ ಕಡೆಯ ಜಯಮ್ಮನಿಗೆ ಒಡಪು ಕೇಳಿದ್ದೇ ಆ ಸೀಮಂತದಲ್ಲಿ ಮೊದಲು. "ಶಿವಶರಣಪ್ಪನೋರೇ, ತುಂಬಾ ಚೆನ್ನಾಗಿತ್ತು. ಕೇಳಿ ಕಣ್ಣಲ್ಲಿ ನೀರು ಬಂದ್ಬಿಡ್ತು" ಎಂದಳು. ಏನು ಹೇಳಿದಳು ಎಂದು ಕೇಳಿದರೆ, "ಪದ ನೆನಪಿಲ್ಲ ಕಣ್ರೀ. ಒಳಗಡೆ ದುಃಖ ಉಕ್ಕೋದು ಅಂತೇನೋ" ಎಂದಳು. ಅವಳ ಗಂಡ ಒಳಗಿನಿಂದ, ದುಃಖವಲ್ಲ, ಕೋಪ ಎಂದು ಕೂಗಿದರು. ಅಲ್ಲೇ ಗಂಡಹೆಂಡಿರಿಗೆ ಸಣ್ಣ ಜಗಳವೇ ಆಯಿತು. ಶಿವಶರಣಪ್ಪನವರು ಕೆಳಗಿನ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಒಮ್ಮೆ ದುಃಖ ಉಕ್ಕಿಸಿದರು, ಒಮ್ಮೆ ಕೋಪ. ಎರಡೂ ತಪ್ಪು. ಉಳಿದ ಒಂದು ಅವಕಾಶಕ್ಕೆ ಕೈ ಹಚ್ಚಲು ಧೈರ್ಯ ಬರದೆ ಆಸ್ಪತ್ರೆಗೆ ಮರಳಿದರು.

ಮರುದಿನ ಬೆಳಿಗ್ಗೆ ಮೊದಲನೆಯ ಆಪರೇಷನ್ ಬೇರೆ ಯಾರದೋ ಆಯಿತು. ನಲಿನಿ ಎರಡು ಸಲ ಒಳಗೆ ಹೋಗಿ ಕೇಳಿಕೊಂಡು ಬಂದಳು. ಪತ್ರ ಬರಲಿ ಎಂದೇ ಉತ್ತರ. ಊರಲ್ಲಿದ್ದ ಹೊಲ ಮಾರಿಯಾದರೂ ತುಂಬುತ್ತೇನೆಂದರು ಶಿವಶರಣಪ್ಪನವರು. ಹೊಲ ಮಾರುವುದರೊಳಗೆ ಮ್ಯಾನೇಜರು ತಿರುಪತಿಯಿಂದ ಬಂದಿರುತ್ತಾರೆ ಸಾರ್ ಎಂದಳು ನಲಿನಿ. ಅದು ನಿಜವೇ ಆಗಿತ್ತು.

ಗದಿಗೆಮ್ಮನಿಗೆ ಅವರು ಡಾಕ್ಟರು ರಜೆ ಹಾಕಿದ್ದಾರೆಂದು ಹೇಳಿದರು.

"ಇರಲಿ ಬಿಡ್ರಿ. ಡಾಕ್ಟರಿಗೂ ಮನಿ ಮಠ ಐತಿ" ಎಂದಳು ಅವಳು. ಬಲಗೈ ಬೆಳಗಿನಿಂದ ಯಾಕೋ ಜೋಮು ಹಿಡಿದಿದೆ ಎಂದಳು. ಶಿವಶರಣಪ್ಪನವರು ಆ ಕೈಯನ್ನು ತಿಕ್ಕುತ್ತ ಕೂತರು. ತಾವು ಎಂಥ ಮನುಷ್ಯ ಎಂದು ಅವರಿಗೆ ಆಗ ಪೂರ್ತಿ ತಿಳಿಯಿತು.

ಅಷ್ಟರಲ್ಲಿ ಸುವರ್ಣಾ ಬಂದಳು. ಕೈಯಲ್ಲಿ ರೊಟ್ಟಿಯ ಗಂಟು, ಬಾಯಲ್ಲಿ ಗಾಡಿಯುದ್ದಕ್ಕೂ ಕೂಡಿಸಿಟ್ಟುಕೊಂಡ ಸಿಟ್ಟು. "ಗದಿಗೆವ್ವಾ, ಏನ್ ಹೇಳಲಿ ಇವನ ಬಗ್ಗಿ. ನಿನ್ನ ಒಡಪಾ ಮರ್ತು ಕುಂತಾನ. ಅದಕ್ಕಽ ಆ ಕಾಗದ ಬರ್ಲಿಲ್ಲ, ಅದಕ್ಕಽ ನಿನ್ನ ಒಳಗ ಒಯ್ದಿಲ್ಲ."

ವಾರ್ಡಿಗೆ ವಾರ್ಡೇ ಈ ಕಡೆ ತಿರುಗಿತು. ಗದಿಗೆಮ್ಮ ಸಿಟ್ಟಾಗಲಿಲ್ಲ. ಗಂಡನನ್ನು ನೋಡಿದಳು. "ಎಷ್ಟರ ಮಟ ನೆನಪೈತ್ರಿ?" ಎಂದಳು.

"ಹಾಲಿನ ಮಟ."

ಅವಳು ನಕ್ಕಳೋ ಏನೋ, ತುಟಿ ಒಂದು ಕಡೆಗೆ ಮಾತ್ರ ಎಳೆಯಿತು. ಅದೇ ಹೊತ್ತಿಗೆ ಸುತ್ತು ಬರುತ್ತಿದ್ದ ಡಾಕ್ಟರು ಆ ತುಟಿಯನ್ನು ನೋಡಿದರು, ಬಲಗೈ ಎತ್ತಿ ಬಿಟ್ಟು ನೋಡಿದರು. ಕಾಗದ ಆಮೇಲೆ, ಈಗಲೇ ಒಳಗೆ ತನ್ನಿ ಎಂದರು. ತಳ್ಳುಗಾಡಿ ಬಂತು. ಎಲ್ಲರೂ ಅದರ ಜೊತೆ ಓಡಿದರು.

ಥಿಯೇಟರಿನ ಬಾಗಿಲಲ್ಲಿ ಹಸಿರು ಟೊಪ್ಪಿಗೆಯ ನರ್ಸೊಬ್ಬಳು ತಡೆದು ನಿಲ್ಲಿಸಿದಳು. ಒಬ್ಬರ ಬದಲು ಇನ್ನೊಬ್ಬರನ್ನು ಕೊಯ್ಯಬಾರದೆಂದು ಅಲ್ಲೊಂದು ನಿಯಮ. ಪೇಷಂಟು ತನ್ನ ಬಾಯಿಂದಲೇ ತನ್ನ ಹೆಸರು, ಗಂಡನ ಹೆಸರು ಹೇಳಬೇಕು. ಗದಿಗೆಮ್ಮ ತನ್ನ ಹೆಸರು ಹೇಳಿದಳು.

"ಭರ್ತ ಪೇರು?"

ಗಂಡನ ಹೆಸರನ್ನು ಬರಿದಾಗಿ ಹೇಳುವವಳಲ್ಲ ಗದಿಗೆಮ್ಮ.

"ನಾ ಹೇಳತೀನ್ರಿ, ನಾನಽ ಗಂಡ" ಎಂದರು ಶಿವಶರಣಪ್ಪನವರು.

"ಮೀರು ಕಾದು. ಪೇಷಂಟೇ ಚೆಪ್ಪಾಲಿ." ನೀವಲ್ಲ, ಪೇಷಂಟೇ ಹೇಳಬೇಕು ಎಂದಳು ನರ್ಸು. ಸುವರ್ಣಾ ಅಷ್ಟರಲ್ಲಿ ಬಾಗಿಲಿನ ಒಂದು ಪಕ್ಕಕ್ಕೆ ಆತು ನಿಂತಿದ್ದಳು, ಒಂದು ಕೈ ಚೌಕಟ್ಟಿನ ಮೇಲೆ. ಅವಳು ಬೇಕೆಂದು ಹಾಗೆ ನಿಂತದ್ದಲ್ಲ.

ಗದಿಗೆಮ್ಮ ಅತ್ತಿಗೆಯನ್ನು ನೋಡಿದಳು, ನರ್ಸನ್ನು ನೋಡಿದಳು. ಆಮೇಲೆ ಗಂಡನ ಕಡೆ ಕತ್ತು ಹೊರಳಿಸಿ, "ಬರಕೊಳ್ರಿ" ಎಂದಳು. ಬೆಳಗಿನ ಫೋನಿನಲ್ಲಿ ಹೇಳುತ್ತಿದ್ದಳಲ್ಲ, ಅದೇ ದನಿ. ತೊದಲು ಬರುತ್ತಿತ್ತು, ಆದರೆ ಒಂದು ಅಕ್ಷರವನ್ನೂ ನುಂಗಲಿಲ್ಲ.

"ಒಲಿ ಮ್ಯಾಲಿನ ಹಾಲು ಉಕ್ಕಿದ್ರ ಕಾಣತೈತಿ, ಒಳಗಿನ ಹರುಷ ಉಕ್ಕಿದ್ರ ಕಾಣೂದಿಲ್ಲ. ಶಿವಶರಣಪ್ಪನವರ ಹೆಸರ ಹೇಳೀನಿ, ಬಾಗಿಲ ಬಿಡ್ರಿ, ಇನ್ನ ತಡಾ ಇಲ್ಲ."

ನರ್ಸಿಗೆ ನಡುವಿನ ಹೆಸರು ಮಾತ್ರ ಅರ್ಥವಾಯಿತು. ಅವಳಿಗೆ ಅಷ್ಟು ಸಾಕಿತ್ತು. ಸುವರ್ಣಾ ಕೈ ತೆಗೆದು ಪಕ್ಕಕ್ಕೆ ಸರಿದಳು. ಬಾಗಿಲು ಮುಚ್ಚಿತು.

ಹರುಷ. ಸಾರೂ ಅಲ್ಲ, ಎಣ್ಣೆಯೂ ಅಲ್ಲ, ದುಃಖವೂ ಅಲ್ಲ. ಶಿವಶರಣಪ್ಪನವರು ಬಾಯಲ್ಲಿ ಅದನ್ನೇ ಹೇಳಿಕೊಳ್ಳುತ್ತ ಮೆಟ್ಟಿಲು ಇಳಿದು ಓಡಿದರು. ಯಾರಾದರೂ ಮಾತಾಡಿಸಿದರೆ ಮತ್ತೆ ಮರೆತೇನೆಂದು ಕಿವಿ ಮುಚ್ಚಿಕೊಂಡಿದ್ದರು. ನಲಿನಿ ಕುರ್ಚಿ ಬಿಟ್ಟು ಎದ್ದಳು. ಒಂದೇ ಬೆರಳಿನಿಂದ ಒತ್ತಿದರು. ಬೀಗ ತೆರೆಯಿತು. ಎಂಟೂ ಬಾಗಿಲು ಒಟ್ಟಿಗೇ ತೆರೆದವು. ನಿನ್ನೆ ಹಾಜರಿಲ್ಲದ್ದಕ್ಕೆ ಕಾರಣ ಕೊಡಿ ಎಂದಿತು ಒಂದು. ಇವತ್ತು ಕ್ಯಾಂಟೀನಿನಲ್ಲಿ ಪುಳಿಹೋರ ಎಂದಿತು ಇನ್ನೊಂದು. ಮೂಲೆಯಲ್ಲಿ ಒಪ್ಪಿಗೆ ಪತ್ರವೂ ಇತ್ತು. ಯಾರು ಬೇಕಾದರೂ ತೆಗೆದುಕೊಳ್ಳಬಹುದಾದಷ್ಟು ಸುಲಭವಾಗಿ. ಅದನ್ನು ಹಿಡಿದುಕೊಂಡು ಅವರು ಮುಚ್ಚಿದ ಬಾಗಿಲ ಮುಂದೆ ನಿಂತರು. ಆ ಪತ್ರವನ್ನು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಗದಿಗೆಮ್ಮ ಉಳಿದಳು. ಮಾತು ಉಳಿಯಲಿಲ್ಲ. ಬೆಳಿಗ್ಗೆಯೇ ಆಗಿದ್ದರೆ ಮಾತು ಉಳಿಯುತ್ತಿತ್ತೇ ಎಂದು ಶಿವಶರಣಪ್ಪನವರು ಡಾಕ್ಟರನ್ನು ಕೇಳಿದರು. ಹಾಗೆ ಹೇಳಲಾಗುವುದಿಲ್ಲ ಎಂದು ಡಾಕ್ಟರು ಕೈ ತೊಳೆಯಲು ಹೋದರು. ಆ ಉತ್ತರವನ್ನು ಮಾತ್ರ ಶಿವಶರಣಪ್ಪನವರು ಇವತ್ತಿನ ತನಕ ಮರೆತಿಲ್ಲ.

ಎಲ್ಲ ಕೇಳಿಸುತ್ತದೆ, ಎಲ್ಲ ತಿಳಿಯುತ್ತದೆ, ಹೇಳಲು ಬಾರದು. ಎಡಗೈಯಲ್ಲಿ ಒಂದು ಬೆರಳು ಎತ್ತಿದರೆ ಹೂಂ, ಮುಷ್ಟಿ ಹಿಡಿದರೆ ಇಲ್ಲ ಎಂದು ಆಸ್ಪತ್ರೆಯವರು ಕಲಿಸಿ ಕಳಿಸಿದರು. ಸುವರ್ಣಾ ಸೇಡಂಗೆ ಹೋಗದೆ ಮಿಯಾಪುರದಲ್ಲೇ ನಿಂತಳು. ರಾಮಕೃಷ್ಣ ಬೋಳುತಲೆಯಲ್ಲಿ ಬಂದು ಕೈಮುಗಿದು ಲಾಡು ಕೊಟ್ಟುಹೋದರು. ಅಷ್ಟಕ್ಕೇ ಸುಮ್ಮನಿರದೆ, ಈ ಪ್ರಕರಣದಿಂದ ಪಾಠ ಕಲಿತು, ಇನ್ನು ಮುಂದೆ ಪ್ರತಿ ಪಾಸ್‌ವರ್ಡಿನ ಕೊನೆಯಲ್ಲಿ ಒಂದು ಅಂಕಿ ಇರತಕ್ಕದ್ದು ಎಂದು ನಿಯಮ ಮಾಡಿದರು. ಇದರಿಂದ ಯಾರಿಗೆ ಏನು ಉಪಯೋಗವೆಂದು ಕೇಳುವ ಮನಸ್ಸು ಸ್ಟೋರಿನಲ್ಲಿ ಯಾರಿಗೂ ಇರಲಿಲ್ಲ.

ಶಿವಶರಣಪ್ಪನವರು ಬಿಲ್ಲೆಯನ್ನು ತೆಗೆದು ಸತೀಶನಿಗೆ ಹಿಂದಿರುಗಿಸಿದರು. ಪರದೆಯ ಮೂಲೆಯ ಚೌಕದ ಗುರುತನ್ನೂ ತೆಗೆಸಿದರು. ದಿನಾ ಬೆಳಿಗ್ಗೆ ಕೂತು ಆ ಒಡಪನ್ನು ಮೊದಲಿಂದ ಕಡೆಯ ತನಕ ಒತ್ತುತ್ತಿದ್ದರು, ತುಟಿಯಲ್ಲಿ ಹೇಳಿಕೊಳ್ಳುತ್ತ. ಅವಳ ದನಿ ಕೇಳಲು ಅವರಿಗೆ ಉಳಿದಿದ್ದ ಜಾಗ ಅದೊಂದೇ. ಒಂದು ದಿನ ಯಂತ್ರ ಅದನ್ನು ಒಪ್ಪಲಿಲ್ಲ. ನಿಮ್ಮ ಪಾಸ್‌ವರ್ಡಿನ ಅವಧಿ ಮುಗಿದಿದೆ, ನಾಳೆಯೊಳಗೆ ಹೊಸದನ್ನು ಇಡಿ, ಹಳೆಯದನ್ನು ಮತ್ತೆ ಬಳಸುವಂತಿಲ್ಲ ಎಂದಿತು.

ಶಿವಶರಣಪ್ಪನವರು ಮೊದಲ ಬಾರಿಗೆ ಸತೀಶನ ಮುಂದೆ ಕೈಕಟ್ಟಿ ನಿಂತರು. "ಇದೊಂದು ಇರಲಿ ಬಿಡಪ್ಪಾ" ಎಂದರು. ಸತೀಶ ಕೀಲಿಮಣೆಯನ್ನೇ ನೋಡುತ್ತ, "ಆಗಲ್ಲ ಸಾರ್" ಎಂದ.

ಆ ಸಂಜೆ ಅವರು ಗದಿಗೆಮ್ಮನ ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತರು. "ನಾ ಒಂದು ಕಟ್ಟತೀನಿ. ಮದವ್ಯಾಗಿಂದು ಬಾಕಿ ಐತಲ್ಲ" ಎಂದರು. ಸುವರ್ಣಾ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

"ಸನತ್‌ನಗರದಾಗ ನೌಕರಿ, ಮಿಯಾಪುರದಾಗ ಮನಿ. ಗದಿಗೆಮ್ಮನ ಹೆಸರ ಹೇಳತೀನಿ, ಕೇಳಿದ್ರ ನಾ ಧನಿ."

ಗದಿಗೆಮ್ಮ ಮುಷ್ಟಿ ಹಿಡಿದಳು.

"ಅಕ್ಕಿ ಡಬ್ಯಾಗ ಹುಳಾ ಇರತಾವ, ನನ್ನ ತಲ್ಯಾಗ ಏನೂ ಇರೂದಿಲ್ಲ. ಗದಿಗೆಮ್ಮನ ಹೆಸರ..."

ಪೂರ್ತಿ ಹೇಳುವ ಮೊದಲೇ ಮುಷ್ಟಿ. ಸುವರ್ಣಾ ಸೆರಗಿನಲ್ಲಿ ನಕ್ಕಳು. ಶಿವಶರಣಪ್ಪನವರು ನಗಲಿಲ್ಲ. ಸ್ಟೂಲನ್ನು ಇನ್ನಷ್ಟು ಹತ್ತಿರ ಸರಿಸಿ ಮೆಲ್ಲಗೆ ಹೇಳಿದರು.

"ಮಾತು ನಿಂದು ಹೋತು, ಮರವು ನಂದು ಉಳೀತು. ಗದಿಗೆಮ್ಮನ ಹೆಸರ ಹೇಳೀನಿ, ಬಾಗಿಲ ಈಗ ತೆರೀತು."

ಗದಿಗೆಮ್ಮ ಅವರನ್ನು ನೋಡುತ್ತಲೇ ಇದ್ದಳು. ಕೈ ಹಾಸಿಗೆಯ ಮೇಲೆ ಹಾಗೇ ಇತ್ತು. ಹೂಂ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಕಣ್ಣು ಮಾತ್ರ ತುಂಬಿ ಬಂತು.

ಮರುದಿನ ಬೆಳಿಗ್ಗೆ ಸ್ಟೋರಿನ ಬಾಗಿಲು ತೆಗೆದು, ಶಿವಶರಣಪ್ಪನವರು ಕಪಾಟಿನ ಮರೆಗೆ ಸರಿಯದೆ, ಎಲ್ಲರ ಎದುರಿಗೇ ಮನೆಗೆ ಫೋನು ಹಚ್ಚಿದರು. ಸುವರ್ಣಾ ಎತ್ತಿದಳು.

"ಆಕಿ ಕಿವಿಗೆ ಹಿಡಿ ಅಕ್ಕಾ."

ಹಿಡಿದ ಸದ್ದಾಯಿತು. ಶಿವಶರಣಪ್ಪನವರು ತಾವು ಕಟ್ಟಿದ ಒಡಪನ್ನು ಒಂದೊಂದೇ ಅಕ್ಷರವಾಗಿ ಹೇಳುತ್ತ, ಒಂದೊಂದೇ ಅಕ್ಷರವಾಗಿ ಒತ್ತುತ್ತ ಹೋದರು. ಸಾವಕಾಶ, ಗಡಿಬಿಡಿಯಿಲ್ಲದೆ. ಪೂರ್ತಿಯಾದ ಮೇಲೆ ಯಂತ್ರ, ಕಡೆಗೊಂದು ಅಂಕಿ ಬೇಕು ಎಂದು ತಡೆಯಿತು.

"ಗದಿಗಿ, ಅಂಕಿ ಒಂದು ಕೇಳಾಕತ್ತೈತಿ ನೋಡು. ಹೆಂಗ ಮಾಡ್ಲಿ?"

ಆ ಕಡೆ ಅವಳ ಉಸಿರು ಕೇಳಿಸಿತು. ಆಮೇಲೆ ಸುವರ್ಣಾಳ ದನಿ ಬಂತು.

"ಬೆರಳ ಎತ್ತ್ಯಾಳ ತಮ್ಮಾ."

"ಎತ್ತ್ಯಾಳಂದ್ರ, ಒಂದು ಹಾಕು ಅಂತೋ, ಒಡಪಾ ಸರಿ ಐತಿ ಅಂತೋ?"

"ನನಗೇನ ಗೊತ್ತೋ ಅದು. ಒಂದಽ ಬೆರಳ. ಎತ್ತೇ ಹಿಡದಾಳ, ಇಳಿಸವಲ್ಲಳು."

ಶಿವಶರಣಪ್ಪನವರು ಒಂದನ್ನು ಒತ್ತಿದರು. ಎಂಟೂ ಬಾಗಿಲು ತೆರೆದವು.